ಹೊಲ ಕಾಯುವವರಿಗೆ ಕೋವಿ: ಕೊಳ್ಳುವ ಮೊದಲು



ಕಡಲೆಕಾಯಿ ಊಡು ಇಳಿದು ಕಾಯಿ ಬಲಿಯುವ ಹೊತ್ತಿಗೆ, ಅದರ ಹಿಂದೆಯೇ ರಾಗಿ ತೆನೆಗೆ ಹಾಲು ತುಂಬುವ ಹೊತ್ತಿಗೆ, ವಕ್ಕಲೇರಿ ಕಡೆಯ ಹೊಲಗಳಲ್ಲಿ ರಾತ್ರಿ ಕಾವಲು ಶುರುವಾಗುತ್ತದೆ. ಹಗಲೆಲ್ಲ ನೀಲಗಿರಿ ತೋಪಿನಲ್ಲೋ, ಕೆರೆಯಂಗಳದ ಜಾಲಿ ಪೊದೆಯಲ್ಲೋ, ಬೆಟ್ಟದ ಬುಡದ ಕುರುಚಲಿನಲ್ಲೋ ಮಲಗಿದ್ದ ಕಾಡುಹಂದಿಗಳ ಹಿಂಡು ಕತ್ತಲಾದ ಮೇಲೆ ಒಂದು ಸಲ ಹೊಲಕ್ಕೆ ಇಳಿಯಿತೆಂದರೆ, ಬೆಳಗಾಗುವಷ್ಟರಲ್ಲಿ ಅಲ್ಲಿ ನೇಗಿಲು ಹೊಡೆದ ಹಾಗೆ ಆಗಿರುತ್ತದೆ. ತಿಂದದ್ದು ಸ್ವಲ್ಪ, ಬುಡಮೇಲು ಮಾಡಿದ್ದು ಬಹಳ. ಆಗ ಮನೆಯಲ್ಲಿ ಮಾತು ಬರುತ್ತದೆ: "ಒಂದು ಕೋವಿ ತಗೊಂಡುಬಿಡೋಣ. ಹಂದಿಗೂ ಆಯಿತು, ಕಳ್ಳರಿಗೂ ಆಯಿತು."

ಬೇಡವೆನ್ನುವುದಕ್ಕೆ ನಾನು ಈ ಮಾತು ತೆಗೆಯಲಿಲ್ಲ. ಆದರೆ ಆವಣಿ ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ಹಲ್ಲೆಣಿಸಿ, ಸುಳಿ ನೋಡಿ, ನಾಲ್ಕು ಹೆಜ್ಜೆ ನಡೆಸಿ, ಆಮೇಲೆ ಟವೆಲ್ಲಿನ ಕೆಳಗೆ ಕೈಹಿಡಿದು ಬೆಲೆ ಮಾಡುವ ನೀವು, ಕೋವಿಯ ವಿಷಯಕ್ಕೆ ಬಂದಾಗ ಮಾತ್ರ "ಅಂಗಡಿಯವನು ಒಳ್ಳೇದು ಅಂದ" ಅಂತ ತಂದುಬಿಟ್ಟರೆ ಹೇಗೆ? ಎತ್ತು ಕೆಟ್ಟದ್ದು ಬಂದರೆ ಒಂದು ಬೇಸಾಯ ಕೆಡುತ್ತದೆ, ಅಷ್ಟೆ. ಕೋವಿಯ ವಿಷಯದಲ್ಲಿ ತಪ್ಪಿದರೆ ಒಂದು ಜೀವ ಹೋಗುತ್ತದೆ, ಇನ್ನೊಬ್ಬ ಜೈಲಿಗೆ ಹೋಗುತ್ತಾನೆ. ಎರಡೂ ಒಂದೇ ಮನೆಯಲ್ಲಿ ಆಗಬಹುದು.

ಮೊದಲು ಕಾಗದದ ಮಾತು ಮುಗಿಸೋಣ. ಕೋವಿ ಇಟ್ಟುಕೊಳ್ಳುವುದಕ್ಕೆ ಒಂದು ಕಾಗದ ಬೇಕು. ಪ್ರಾಣಿಯ ಮೇಲೆ ಗುಂಡು ಹಾರಿಸುವುದಕ್ಕೆ ಬೇರೆ ಕಾಗದ ಬೇಕು. ಇವೆರಡೂ ಒಂದೇ ಎಂದು ತಿಳಿದವರೇ ನಮ್ಮಲ್ಲಿ ಹೆಚ್ಚು. ತೊಂದರೆಗೆ ಸಿಕ್ಕಿಕೊಳ್ಳುವವರೂ ಅವರೇ.

ಮೊದಲನೆಯದು ಲೈಸೆನ್ಸು. 1959ರ ಆಯುಧ ಕಾಯಿದೆಯ ಪ್ರಕಾರ ಇದನ್ನು ಜಿಲ್ಲಾ ಮ್ಯಾಜಿಸ್ಟ್ರೇಟರು, ಎಂದರೆ ನಮಗೆ ಕೋಲಾರದ ಜಿಲ್ಲಾಧಿಕಾರಿಗಳು ಕೊಡತಕ್ಕದ್ದು. ಅರ್ಜಿದಾರನಿಗೆ 21 ವರ್ಷ ತುಂಬಿರಬೇಕು. ಬೆಳೆಯ ರಕ್ಷಣೆಗೆ ನಿಜವಾಗಿ ಬೇಕಾಗಿದ್ದರೆ ಬಾಯಿಯಿಂದ ಮದ್ದು ತುಂಬುವ ಕೋವಿಗೆ ಲೈಸೆನ್ಸು ಕೊಡಬಹುದೆಂದೂ, ಅದು ಸಾಲದು ಎಂದು ಅಧಿಕಾರಿಗೆ ಮನವರಿಕೆಯಾದರೆ 20 ಅಂಗುಲಕ್ಕೆ ಕಡಿಮೆಯಿಲ್ಲದ ನಳಿಗೆಯ ತೋಟಾ ಕೋವಿಗೂ ಕೊಡಬಹುದೆಂದೂ ಆ ಕಾಯಿದೆಯ 13ನೆಯ ಕಲಮಿನಲ್ಲಿ ಇದೆ. ಆದ್ದರಿಂದ ಅರ್ಜಿಯಲ್ಲಿ "ಆತ್ಮರಕ್ಷಣೆಗೆ" ಎಂದು ಒಂದೇ ಪದ ಗೀಚಿ ಕಳಿಸಬೇಡಿ. ಪಹಣಿ, ಬೆಳೆ, ಹಿಂದಿನ ವರ್ಷಗಳ ಹಾನಿಯ ಫೋಟೋ, ಅರಣ್ಯ ಇಲಾಖೆಗೆ ಕೊಟ್ಟ ದೂರಿನ ಪ್ರತಿ, ಇವನ್ನೆಲ್ಲ ಜೋಡಿಸಿ. 2016ರ ನಿಯಮಗಳು ಬಂದ ಮೇಲೆ ತರಬೇತಿಯ ಪತ್ರವನ್ನೂ, ಮನೆಯಲ್ಲಿ ಭದ್ರವಾಗಿ ಇಡುತ್ತೇನೆಂಬ ಮುಚ್ಚಳಿಕೆಯನ್ನೂ ಕೇಳುತ್ತಾರೆ. ಪೋಲೀಸ್ ಇಲಾಖೆಯವರು ಜಿಲ್ಲೆಗಳಲ್ಲಿ ನಾಗರಿಕರಿಗೆ ಬಂದೂಕು ತರಬೇತಿ ನಡೆಸುವುದುಂಟು. ಅದನ್ನು ಬರೀ ಸರ್ಟಿಫಿಕೇಟಿಗಾಗಿ ಹೋಗಿ ಬರುವ ಶಾಸ್ತ್ರ ಮಾಡಿಕೊಳ್ಳಬೇಡಿ. 2019ರ ತಿದ್ದುಪಡಿಯಿಂದ ಲೈಸೆನ್ಸಿನ ಅವಧಿ 5 ವರ್ಷವಾಗಿದೆ, ಒಬ್ಬರ ಹೆಸರಿನಲ್ಲಿ ಎರಡಕ್ಕಿಂತ ಹೆಚ್ಚು ಕೋವಿ ಇರಕೂಡದು. ಅವಧಿ ಮುಗಿಯುವುದಕ್ಕೆ ಎರಡು ತಿಂಗಳು ಮುಂಚೆಯೇ ನವೀಕರಣದ ಅರ್ಜಿ ಹಾಕಿಬಿಡಿ.

ಎರಡನೆಯ ಕಾಗದ ಅರಣ್ಯ ಇಲಾಖೆಯದು. ಹಿಂದೆ ಯುಗಾದಿಯ ಮಾರನೆಯ ದಿನ ಹಳೆಯ ಮೈಸೂರಿನ ಎಷ್ಟೋ ಹಳ್ಳಿಗಳಲ್ಲಿ ಬಲೆ, ನಾಯಿ, ದೊಣ್ಣೆ ಹಿಡಿದುಕೊಂಡು ಊರೇ ಬೇಟೆಗೆ ಹೊರಡುತ್ತಿದ್ದುದುಂಟು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯ ಪ್ರಕಾರ ಈಗ ಶೋಕಿಯ ಬೇಟೆ ಎಂಬುದು ಕಾನೂನಿನಲ್ಲಿ ಇಲ್ಲವೇ ಇಲ್ಲ. 2022ರ ತಿದ್ದುಪಡಿಯ ನಂತರ ಕಾಡುಹಂದಿ ಎರಡನೆಯ ಪಟ್ಟಿಯಲ್ಲಿದೆ. ಅದು ಪ್ರಾಣಕ್ಕೋ ಬೆಳೆಗೋ ಅಪಾಯವಾದಾಗ ಮುಖ್ಯ ವನ್ಯಜೀವಿ ಪರಿಪಾಲಕರು, ಅಥವಾ ಅವರಿಂದ ಅಧಿಕಾರ ಪಡೆದ ಅಧಿಕಾರಿ, ಕಾರಣ ಬರೆದು, ಇಂಥ ಜಾಗದಲ್ಲಿ ಎಂದು ಗೊತ್ತುಮಾಡಿ, ಬರಹದಲ್ಲಿ ಅನುಮತಿ ಕೊಡಬಹುದು. ವಲಯ ಅರಣ್ಯಾಧಿಕಾರಿಗಳ ಕಚೇರಿಯಲ್ಲಿ ವಿಚಾರಿಸಿ. "ಗಾರ್ಡು ಹೂಂ ಅಂದ" ಎಂಬ ಬಾಯಿಮಾತು ಅನುಮತಿಯಲ್ಲ. ಅನುಮತಿಯಿಂದಲೇ ಹೊಡೆದರೂ ಸತ್ತ ಪ್ರಾಣಿ ಸರ್ಕಾರದ ಸ್ವತ್ತು. ಪಾಲು ಹಾಕಿಕೊಂಡು ಸಾರು ಮಾಡುವಂತಿಲ್ಲ.

ನವಿಲು ಟೊಮೆಟೊ ಕುಕ್ಕುತ್ತದೆ, ನಿಜ. ಮಾಲೂರು, ಬಂಗಾರಪೇಟೆಯ ಗಡಿಯಲ್ಲಿ, ಕಾಮಸಮುದ್ರದ ಕಡೆ, ತಮಿಳುನಾಡಿನ ಕಾಡಿನಿಂದ ಆನೆ ಬರುತ್ತದೆ, ಅದೂ ನಿಜ. ಇವೆರಡೂ ಮೊದಲನೆಯ ಪಟ್ಟಿಯ ಪ್ರಾಣಿಗಳು. ಬೆಳೆ ಹಾಳಾಯಿತೆಂಬ ಕಾರಣಕ್ಕೆ ಇವುಗಳ ಮೇಲೆ ಗುಂಡು ಹಾರಿಸಲು ಯಾರೂ ಅನುಮತಿ ಕೊಡುವಂತಿಲ್ಲ. ಆನೆಗೆ ಚರೆ ಹೊಡೆದರೆ ಅದು ಸಾಯುವುದಿಲ್ಲ. ರೇಗುತ್ತದೆ, ಆ ರಾತ್ರಿ ಎದುರು ಸಿಕ್ಕವರನ್ನು ತುಳಿಯುತ್ತದೆ. ಆನೆ ಕಂಡರೆ ದೂರ ಸರಿದು ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನು ಮಾಡಿ.

ಹಾಗಾದರೆ ಹಂದಿ ಮೈಮೇಲೆ ಬಿದ್ದರೆ ಸುಮ್ಮನೆ ನಿಂತಿರಬೇಕೆ? ಬೇಡ. ತನ್ನ ಅಥವಾ ಇನ್ನೊಬ್ಬರ ಪ್ರಾಣ ಉಳಿಸಲು ಸದ್ಭಾವನೆಯಿಂದ ಕಾಡುಪ್ರಾಣಿಯನ್ನು ಕೊಂದರೆ ಅದು ಅಪರಾಧವಲ್ಲ ಎಂದು 11ನೆಯ ಕಲಮು ಹೇಳುತ್ತದೆ. ಆದರೆ ಆ ಹೊತ್ತಿಗೆ ನೀವೇ ಕಾನೂನು ಮೀರಿ ಬೇಟೆಗೆ ಹೋಗಿದ್ದವರಾದರೆ ಆ ರಕ್ಷಣೆ ಇಲ್ಲ. ಇನ್ನು "ಕೊಡಗಿನವರಿಗೆ ಲೈಸೆನ್ಸೇ ಬೇಡವಂತಲ್ಲ, ನಮಗ್ಯಾಕೆ?" ಎಂದು ಕೇಳುವವರಿದ್ದಾರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಬಂದ ವಿನಾಯಿತಿ ಅದು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರ ವರೆಗೆ ಮುಂದುವರಿಸಿದೆ. ಕೋಲಾರಕ್ಕೆ ಅದು ಅನ್ವಯಿಸುವುದಿಲ್ಲ. ಬೇಟೆಯ ನಿಷೇಧವಂತೂ ಕೊಡಗಿಗೂ ಒಂದೇ, ನಮಗೂ ಒಂದೇ.

ಕಾಗದ ಸಾಕು. ಈಗ ಕೋವಿಗೆ ಬರೋಣ. ಕೋವಿಯೆನ್ನಿ, ಬಂದೂಕೆನ್ನಿ, ಮುಳಬಾಗಿಲು ಕಡೆಯವರು ತುಪಾಕಿ ಎಂದರೂ ಸರಿ.

ಕೊಳ್ಳುವುದಕ್ಕಿಂತ ಮುಂಚೆ ನಿಮ್ಮ ಹೊಲವನ್ನು ಒಂದು ಸಲ ಕೋವಿಯ ಕಣ್ಣಿನಿಂದ ನೋಡಿ. ಇದು ಮಲೆನಾಡಿನ ಕಾಡಲ್ಲ, ಬಯಲುಸೀಮೆ. ನಿಮ್ಮ ಬದುವಿನಾಚೆ ಇನ್ನೊಬ್ಬರ ಟೊಮೆಟೊ ತೋಟ. ಅಲ್ಲೊಂದು ಗುಡಿಸಲು, ಅದರಲ್ಲಿ ಕಾವಲಿನವನು. ಅದರಾಚೆ ಪಂಪ್‌ಸೆಟ್ಟಿನ ಮನೆ, ರಾತ್ರಿ ಮೂರು ಫೇಸು ಕರೆಂಟು ಬಂದಾಗ ಮೋಟರು ಹಾಕಲು ಎದ್ದು ಬರುವ ಮನುಷ್ಯ. ಅದರಾಚೆ ರೇಷ್ಮೆ ಮನೆ, ದನದ ಕೊಟ್ಟಿಗೆ, ಮಾಲೂರು ರಸ್ತೆಯ ವಾಹನ. ನೀವು ಬಿಟ್ಟ ಗುಂಡು ಹಂದಿಗೆ ತಾಗದಿದ್ದರೆ ಎಲ್ಲಿ ಹೋಗಿ ನಿಲ್ಲುತ್ತದೆ? ಕೋವಿಯ ಆಯ್ಕೆಯೆಲ್ಲ ಈ ಒಂದು ಪ್ರಶ್ನೆಯ ಮೇಲೆ ನಿಂತಿದೆ.

ಈ ಲೆಕ್ಕದಲ್ಲಿ ರೈಫಲ್ಲು ನಮ್ಮ ಊರಿಗೆ ಹೇಳಿದ್ದಲ್ಲ. .315 ರೈಫಲ್ಲನ್ನು ಹೆಮ್ಮೆಗೆ ಕೊಳ್ಳುವವರಿದ್ದಾರೆ. ಅದರ ಗುಂಡು ಮೈಲಿಗಟ್ಟಲೆ ಹೋಗುತ್ತದೆ. ಗುರಿ ತಪ್ಪಿದರೆ ಪಕ್ಕದ ಹಳ್ಳಿಯ ಜಗಲಿಯವರೆಗೂ ಪ್ರಯಾಣ. ಚರೆಯ ಕೋವಿ ಹಾಗಲ್ಲ. ಅದರ ನಳಿಗೆಯೊಳಗೆ ಗೆರೆಗಳಿಲ್ಲ, ನುಣುಪು. ಸಣ್ಣ ಚರೆ ಬೇಗ ಬಲಗುಂದಿ ಇನ್ನೂರು ಮುನ್ನೂರು ಗಜದೊಳಗೆ ಉದುರುತ್ತದೆ. ಆದರೆ ಹಂದಿಗೆ ಬಳಸುವ ದಪ್ಪ ಚರೆ ಏಳೆಂಟುನೂರು ಗಜ ಹೋದೀತು, ಒಂಟಿ ಗುಂಡು ಅದಕ್ಕೂ ಹೆಚ್ಚು. ನಿಶ್ಚಯವಾಗಿ ಕೊಲ್ಲುವ ದೂರ ಮಾತ್ರ 35, 40 ಗಜ. ಕೊಲ್ಲುವ ದೂರ ಬೇರೆ, ಗಾಯ ಮಾಡುವ ದೂರ ಬೇರೆ. ಇದನ್ನು ಗಟ್ಟಿಯಾಗಿ ನೆನಪಿಡಿ.

ಆದ್ದರಿಂದ ನನ್ನನ್ನು ಕೇಳಿದರೆ, ಹೊಲ ಕಾಯುವವನಿಗೆ 12 ಬೋರಿನ ಒಂಟಿ ನಳಿಗೆಯ ಸಾದಾ ತೋಟಾ ಕೋವಿ ಸಾಕು. ಅನುಕೂಲವಿದ್ದರೆ ಜೋಡಿ ನಳಿಗೆ. 12 ಬೋರು ಎಂದರೆ ಏನೆಂದು ಕೇಳಿದರೆ ಅಂಗಡಿಯಲ್ಲೂ ಎಷ್ಟೋ ಜನ ತಡವರಿಸುತ್ತಾರೆ. ನಳಿಗೆಯ ಬಾಯಿಗೆ ಸರಿಹೊಂದುವ ಸೀಸದ ಗುಂಡು 12 ಸೇರಿದರೆ ಒಂದು ಪೌಂಡು ತೂಗುತ್ತದೆ ಎಂದು ಅರ್ಥ. ಬಾಯಿಯ ಅಗಲ ಸುಮಾರು 18.5 ಮಿಲಿಮೀಟರು. 16 ಬೋರು ಅದಕ್ಕಿಂತ ಸಣ್ಣದು, 20 ಇನ್ನೂ ಸಣ್ಣದು. ಸಂಖ್ಯೆ ಹೆಚ್ಚಿದಷ್ಟೂ ಬಾಯಿ ಕಿರಿದು. 12ರದ್ದೇ ಏಕೆಂದರೆ ತೋಟಾ ಎಲ್ಲ ಕಡೆ ಸಿಗುತ್ತದೆ. ಬೋರು ಅಪರೂಪದ್ದಾದರೆ ಕೋವಿ ಗೋಡೆಗೆ ಅಲಂಕಾರ.

ಬಾಯಿಯಿಂದ ಮದ್ದು ತುಂಬುವ ಕೇಪಿನ ಕೋವಿ ಅಗ್ಗ. ಸದ್ದು ಜೋರು, ಹೊಗೆ ಜೋರು. ಹಿಂಡನ್ನು ಬೆದರಿಸಿ ಓಡಿಸುವುದಕ್ಕೆ ಅದಕ್ಕಿಂತ ಹೆಚ್ಚಿನದು ಬೇಕಿಲ್ಲ. ಆದರೆ ಅದು ಶ್ರದ್ಧೆ ಕೇಳುವ ಆಯುಧ. ಕರಿಮದ್ದು ಬಿಟ್ಟು ಬೇರೆ ಮದ್ದನ್ನು ಅದಕ್ಕೆ ತುಂಬಲೇಕೂಡದು; ತೋಟಾ ಒಡೆದು ತೆಗೆದ ಹೊಗೆಯಿಲ್ಲದ ಮದ್ದನ್ನು ಹಾಕಿದರೆ ನಳಿಗೆ ಹೋಳಾಗಿ ಎಡಗೈಯನ್ನು ತೆಗೆದುಕೊಂಡು ಹೋಗುತ್ತದೆ. "ತುಂಬಿದೆಯೋ ಇಲ್ಲವೋ" ಎಂಬ ಮರೆವು ಇದರ ದೊಡ್ಡ ಶತ್ರು. ಗಜದ ಕೋಲನ್ನು ಖಾಲಿ ನಳಿಗೆಗೆ ಇಳಿಸಿ, ಬಾಯಿಯ ಮಟ್ಟಕ್ಕೆ ಒಂದು ಗೀಟು ಹಾಕಿಕೊಳ್ಳಿ. ಮುಂದೆ ಯಾವಾಗ ಕೋಲಿಳಿಸಿದರೂ ಗೀಟು ಮೇಲೆ ನಿಂತರೆ ಒಳಗೆ ಮದ್ದಿದೆ ಎಂದು ತಿಳಿಯುತ್ತದೆ. ಕೋಲನ್ನು ನಳಿಗೆಯಲ್ಲೇ ಮರೆತು ಹೊಡೆದವರೂ ಇದ್ದಾರೆ, ಕೋಲು ಈಟಿಯಾಗುತ್ತದೆ.

ಗಾಳಿ ಕೋವಿ, ಎಂದರೆ ಏರ್‌ಗನ್ನು, ಹುಡುಗರ ಆಸೆ. 4.5 ಮಿಲಿಮೀಟರಿನದಾಗಿ ಬಲ 20 ಜೂಲಿನೊಳಗೆ ಇದ್ದರೆ ಅದಕ್ಕೆ ಲೈಸೆನ್ಸು ಬೇಡ. ಆದರೆ ಅದರಿಂದ ಕೌಜುಗವನ್ನೋ ನವಿಲನ್ನೋ ಹೊಡೆದರೆ ಅಪರಾಧ ಅಪರಾಧವೇ. ಹಂದಿಗೆ ಅದು ಸೊಳ್ಳೆ ಕಡಿದ ಹಾಗೆ. ಮನುಷ್ಯನ ಕಣ್ಣಿಗೆ ಮಾತ್ರ ಸಾಕಷ್ಟು ದೊಡ್ಡದು.

ರಿವಾಲ್ವರು, ಪಿಸ್ತೂಲು ಹೊಲದ ಕೆಲಸದವಲ್ಲ. ಕತ್ತಲಲ್ಲಿ ಹತ್ತು ಗಜಕ್ಕೆ ಹಂದಿಗೆ ತಾಗಿಸುವುದು ಪಳಗಿದವರಿಗೂ ಕಷ್ಟ. ಅದನ್ನು ಸೊಂಟಕ್ಕೆ ಸಿಕ್ಕಿಸಿ ಮಂಡಿಗೆ ಹೋಗುವುದರಿಂದ ಟೊಮೆಟೊ ಬೆಲೆ ಏರಿದ್ದನ್ನು ನಾನಂತೂ ಕಂಡಿಲ್ಲ.

ಇನ್ನು ಅಟ್ಟದ ಮೇಲಿರುವ ಅಜ್ಜನ ಕೋವಿ. ಇದು ದೊಡ್ಡ ವಿಷಯ, ಸ್ವಲ್ಪ ನಿಧಾನವಾಗಿ ನೋಡೋಣ. ಲೈಸೆನ್ಸು ಅಜ್ಜನ ಹೆಸರಿನಲ್ಲಿತ್ತು, ಅಜ್ಜ ತೀರಿಕೊಂಡರು. ಆ ಕ್ಷಣದಿಂದ ಆ ಕೋವಿ ಮನೆಯಲ್ಲಿರುವುದು ಕಾನೂನಿಗೆ ಒಪ್ಪಿಗೆಯಲ್ಲ. ತಡಮಾಡದೆ ಪೋಲೀಸ್ ಠಾಣೆಯಲ್ಲೋ, ಲೈಸೆನ್ಸಿರುವ ಕೋವಿ ವ್ಯಾಪಾರಿಯಲ್ಲೋ ಠೇವಣಿ ಇಟ್ಟು ರಸೀದಿ ಪಡೆದು, ವಾರಸುದಾರರಲ್ಲಿ ಒಬ್ಬರು ತಮ್ಮ ಹೆಸರಿಗೆ ಅರ್ಜಿ ಹಾಕತಕ್ಕದ್ದು. "ನಮ್ಮದೇ ಮನೆ ಕೋವಿ" ಎಂಬ ಮಾತು ನ್ಯಾಯಾಲಯದಲ್ಲಿ ನಡೆಯುವುದಿಲ್ಲ. ಲೈಸೆನ್ಸಿಲ್ಲದ ಕೋವಿಗೆ 2019ರ ತಿದ್ದುಪಡಿಯ ಪ್ರಕಾರ 2ರಿಂದ 5 ವರ್ಷದ ಸಜೆ ಇದೆ.

ಅರ್ಜಿ ಮಂಜೂರಾಗಿ ಅಜ್ಜನ ಕೋವಿ ಕೈಗೆ ಬಂತು ಅನ್ನಿ. ಕೂಡಲೆ ಹೊಸ ತೋಟಾ ತುಂಬಿ ಹೊಡೆಯಬೇಡಿ. ನಳಿಗೆಯ ಮೇಲೆ ಹಾವಿನ ಮೈಯಂಥ, ಹೆಣೆದ ಹಾಗಿರುವ ಸುರುಳಿ ಗೆರೆ ಕಂಡರೆ ಅದು ಕಬ್ಬಿಣ ಮತ್ತು ಉಕ್ಕಿನ ಪಟ್ಟಿಗಳನ್ನು ಸುತ್ತಿ ಬೆಸೆದ ದಮಾಸ್ಕಸ್ ನಳಿಗೆ. ನೋಡಲು ಬಲು ಚೆಂದ. ಆದರೆ ಅವುಗಳಲ್ಲಿ ಬಹುಪಾಲು ಕರಿಮದ್ದಿನ ಕಾಲದವು. ಬೆಸುಗೆಯ ಒಳಗೆ ಕಾಣದ ತುಕ್ಕು ಹಿಡಿದಿರುತ್ತದೆ, ಈಗಿನ ತೋಟಾದ ಒತ್ತಡವನ್ನು ತಾಳುವುದಿಲ್ಲ. ಅಂಥದ್ದನ್ನು ನೆನಪಿಗೆ ಇಟ್ಟುಕೊಳ್ಳಿ, ಬಳಕೆಗೆ ಬೇಡ. ಎರಡನೆಯದಾಗಿ, ತೋಟಾ ಕೂರುವ ಮನೆಯ ಉದ್ದ ನೋಡಿಸಿ. ಹಳೆಯ ಕೋವಿಗಳಲ್ಲಿ ಅದು ಎರಡೂವರೆ ಅಂಗುಲ, ಎಂದರೆ 65 ಮಿಲಿಮೀಟರು. ಈಗ ಸಿಗುವ ಎಷ್ಟೋ ತೋಟಾಗಳು 70 ಮಿಲಿಮೀಟರಿನವು. ಇಲ್ಲೊಂದು ಮೋಸವಿದೆ: ಉದ್ದದ ತೋಟಾ ಗಿಡ್ಡ ಮನೆಯೊಳಗೂ ಸಲೀಸಾಗಿ ಕೂರುತ್ತದೆ, ಕೋವಿ ಮುಚ್ಚುತ್ತದೆ. ಏಕೆಂದರೆ ತೋಟಾದ ಮೇಲೆ ಬರೆದಿರುವುದು ಹೊಡೆದ ಮೇಲೆ ಬಾಯಿ ಬಿಚ್ಚಿಕೊಂಡಾಗಿನ ಉದ್ದ. ಹೊಡೆದಾಗ ಬಾಯಿ ಬಿಚ್ಚಲು ಜಾಗವಿಲ್ಲದೆ ಒತ್ತಡ ಏರುತ್ತದೆ, ಅದು ಅಪಾಯ. ಮನೆಯ ಅಳತೆಯನ್ನು ಸಾಮಾನ್ಯವಾಗಿ ನಳಿಗೆಯ ಅಡಿಭಾಗದಲ್ಲಿ ಕೊರೆದಿರುತ್ತಾರೆ, ವ್ಯಾಪಾರಿಯಿಂದಲೇ ಓದಿಸಿ.

ಹಳೆಯದೋ ಹೊಸದೋ, ಪರೀಕ್ಷೆ ಒಂದೇ. ಕೋವಿಯನ್ನು ಮುರಿದು, ಖಾಲಿಯೆಂದು ಖಚಿತ ಮಾಡಿಕೊಂಡು, ನಳಿಗೆಯನ್ನು ಬೆಳಕಿಗೆ ಹಿಡಿದು ಒಳಗೆ ನೋಡಿ. ಕನ್ನಡಿಯ ಹಾಗಿರಬೇಕು. ಕಪ್ಪು ಗುಳಿ ಇದ್ದರೆ ತುಕ್ಕು ತಿಂದದ್ದು. ಒಳಗಿನ ಬೆಳಕಿನ ಉಂಗುರಗಳು ಎಲ್ಲಾದರೂ ಸೊಟ್ಟಗಾದರೆ ಹೊರಗೆ ನೆಗ್ಗು ಅಥವಾ ಉಬ್ಬು ಇದೆ ಎಂದು ತಿಳಿಯಿರಿ. ಮುಚ್ಚಿ ಅಲುಗಾಡಿಸಿದರೆ ಕೀಲಿನಲ್ಲಿ ಲಟಲಟ ಎನ್ನಕೂಡದು. ಆಮೇಲೆ ನಿಮ್ಮ ಮೈಗೆ ಹೊಂದುತ್ತದೆಯೋ ನೋಡಿ. ಬುಡವನ್ನು ಮೊಳಕೈ ಮಡಿಕೆಗೆ ಆನಿಸಿದರೆ ತೋರುಬೆರಳಿನ ಮೊದಲ ಗೆಣ್ಣು ಕುದುರೆಗೆ ಸಲೀಸಾಗಿ ಮುಟ್ಟಬೇಕು. ಕಣ್ಣು ಮುಚ್ಚಿ ಹೆಗಲಿಗೇರಿಸಿ, ಕಣ್ಣು ತೆರೆದಾಗ ಗುರಿಮಣಿ ನೇರ ಕಾಣಬೇಕು. ತೂಕ ಸುಮಾರು ಮೂರು ಕಿಲೋ ಇರಲಿ. ತೀರ ಹಗುರವಾದರೆ ಹಿಂದೊದೆತಕ್ಕೆ ಹೆಗಲು ನೀಲಿಗಟ್ಟುತ್ತದೆ. ಕೋವಿಯ ನಂಬರು ಲೈಸೆನ್ಸಿನಲ್ಲಿ ಬರೆದ ನಂಬರಿಗೆ ಸರಿಯಿದೆಯೇ ಎಂಬುದನ್ನು ಅಂಗಡಿಯಲ್ಲೇ ನೋಡಿಕೊಳ್ಳಿ, ಮನೆಗೆ ಬಂದ ಮೇಲಲ್ಲ.

ತೋಟಾಗಳ ಮೇಲೆ ಬೀಬಿ, ಎಸ್‌ಜಿ, ಎಲ್‌ಜಿ ಎಂದು ಬರೆದಿರುತ್ತದೆ. ಎಲ್‌ಜಿಯಲ್ಲಿ ಸುಮಾರು ಆರು ದೊಡ್ಡ ಚರೆ, ಎಸ್‌ಜಿಯಲ್ಲಿ ಒಂಬತ್ತು, ಬೀಬಿಯಲ್ಲಿ ಹತ್ತಾರು ಸಣ್ಣವು. ಅನುಮತಿ ಪಡೆದು ಹಂದಿಯನ್ನು ಹೊಡೆಯುವುದೇ ಆದರೆ ಎಲ್‌ಜಿ, ಎಸ್‌ಜಿಗಿಂತ ಕೆಳಗೆ ಇಳಿಯಬೇಡಿ. ಗಂಡುಹಂದಿ ನೂರು ಕಿಲೋ ತೂಗುತ್ತದೆ, ಹೆಗಲ ಮೇಲೆ ಗುರಾಣಿಯಂಥ ಗಟ್ಟಿ ಚರ್ಮವಿದೆ. ಸಣ್ಣ ಚರೆ ಅದನ್ನು ಕೊಲ್ಲುವುದಿಲ್ಲ. ಗಾಯಗೊಂಡ ಹಂದಿ ಮಾರನೆಯ ಬೆಳಗ್ಗೆ ಮೇವು ಕೊಯ್ಯಲು ಬಂದ ಹೆಂಗಸಿನ ಮೇಲೆ ಬೀಳುತ್ತದೆ. 949ರ ಸುಮಾರಿನ ಆತಕೂರಿನ ಕಲ್ಲಿನಲ್ಲಿ, ಕಾಳಿ ಎಂಬ ಬೇಟೆನಾಯಿ ಹಂದಿಯೊಡನೆ ಹೋರಾಡಿ ಎರಡೂ ಸತ್ತದ್ದನ್ನು ಕೆತ್ತಿಸಿದ್ದಾರೆ. ಹಂದಿ ಎಂಥ ಎದುರಾಳಿ ಎಂಬುದು ಆ ಕಾಲದವರಿಗೂ ಗೊತ್ತಿತ್ತು. ನಳಿಗೆಯ ಬಾಯಿ ಪೂರ್ತಿ ಕಿರಿದಾಗಿರುವ ಕೋವಿಯಲ್ಲಿ ಒಂಟಿ ಗುಂಡಿನ ತೋಟಾ ಹಾಕಬೇಡಿ. ಬಣ್ಣಗೆಟ್ಟ, ಉಬ್ಬಿದ, ತಳ ಹಸಿರುಗಟ್ಟಿದ ತೋಟಾಗಳನ್ನು ವ್ಯಾಪಾರಿಗೆ ಹಿಂದಿರುಗಿಸಿ. ಕುದುರೆ ಎಳೆದರೂ ಹಾರದಿದ್ದರೆ ನಳಿಗೆಯನ್ನು ಬಯಲಿಗೆ ತಿರುಗಿಸಿಕೊಂಡು ಒಂದು ನಿಮಿಷ ಹಾಗೆಯೇ ನಿಂತು, ಆಮೇಲೆ ತೆರೆಯಿರಿ. ಮತ್ತೆ ಪ್ರತಿ ಸಲವೂ ತುಂಬುವ ಮೊದಲು ನಳಿಗೆಯೊಳಗೆ ಇಣುಕಿ. ಕಣಜ ಗೂಡು ಕಟ್ಟಿದ್ದರೂ, ಬದು ದಾಟುವಾಗ ಒಂದು ಹಿಡಿ ಕೆಸರು ಹೊಕ್ಕಿದ್ದರೂ ನಳಿಗೆ ಸೀಳಲು ಅಷ್ಟೇ ಸಾಕು.

ರಾತ್ರಿ ಹೊಲದಲ್ಲಿ ಹೇಗೆ? ಕೋವಿಯಿಂದ ಆಗುವ ಸಾವುಗಳಲ್ಲಿ ಬಲು ದಾರುಣವಾದದ್ದು, ಹಂದಿಯೆಂದು ತಿಳಿದು ಮನುಷ್ಯನಿಗೆ ಹೊಡೆಯುವುದು. ಪೊದೆ ಅಲುಗಾಡಿತು, ಗುರ್ ಎಂದಂತಾಯಿತು, ಹೊಡೆದ. ಸತ್ತವನು ಅಣ್ಣನ ಮಗ. ಆದ್ದರಿಂದ ಸದ್ದಿಗೆ ಹೊಡೆಯಬಾರದು, ಅಲುಗಾಟಕ್ಕೆ ಹೊಡೆಯಬಾರದು, ಕಣ್ಣಿನ ಮಿಂಚಿಗೂ ಹೊಡೆಯಬಾರದು. ಕರುವಿನ ಕಣ್ಣೂ ನಾಯಿಯ ಕಣ್ಣೂ ಬ್ಯಾಟರಿ ಬೆಳಕಿಗೆ ಹಾಗೆಯೇ ಮಿಂಚುತ್ತವೆ. ಪೂರ್ತಿ ಪ್ರಾಣಿ ಕಾಣಬೇಕು, ಅದರ ಹಿಂದೆ ದಿಬ್ಬವೋ ಬದುವೋ ಇರಬೇಕು. ಅಟ್ಟಣೆಯ ಮೇಲಿಂದ ಕೆಳಮುಖವಾಗಿ ಹೊಡೆದ ಗುಂಡು ನೆಲಕ್ಕೆ ಹೋಗುತ್ತದೆ, ಅದೊಂದು ಅನುಕೂಲ. ಆದರೆ ತುಂಬಿದ ಕೋವಿ ಹಿಡಿದು ಅಟ್ಟಣೆ ಹತ್ತಬಾರದು. ಹತ್ತಿ ಕೂತ ಮೇಲೆ ಹಗ್ಗದಿಂದ ಖಾಲಿ ಕೋವಿಯನ್ನು ಮೇಲೆಳೆದುಕೊಳ್ಳಿ. ಬ್ಯಾಟರಿ ಹಿಡಿಯುವವನು ಬೇರೆ, ಕೋವಿ ಹಿಡಿಯುವವನು ಬೇರೆ ಇರಲಿ. ಆ ರಾತ್ರಿ ಅಕ್ಕಪಕ್ಕದ ಹೊಲದವರಿಗೆಲ್ಲ ಫೋನು ಮಾಡಿ ತಿಳಿಸಿರಿ. ಕುಡಿದವನ ಕೈಗೆ ಕೋವಿ ಕೊಡುವುದೂ ಮಗುವಿನ ಕೈಗೆ ಕೊಡುವುದೂ ಒಂದೇ.

ಕಳ್ಳರ ಮಾತು ಬಂತು. 2023ರ ಜುಲೈನಲ್ಲಿ ಟೊಮೆಟೊ ಬೆಲೆ ಆಕಾಶಕ್ಕೇರಿದಾಗ ರಾತ್ರಿಯೆಲ್ಲ ತೋಟ ಕಾದವರು ನೀವು. ಆ ಸಿಟ್ಟು ನನಗೆ ಅರ್ಥವಾಗುತ್ತದೆ. ಆದರೂ ಕೇಳಿ: ನಾಲ್ಕು ಕ್ರೇಟು ಹಣ್ಣು ಕದ್ದು ಓಡುವವನ ಬೆನ್ನಿಗೆ ಗುಂಡು ಹೊಡೆದರೆ ಅದು ರಕ್ಷಣೆಯಲ್ಲ, ಕೊಲೆ. ಭಾರತೀಯ ನ್ಯಾಯ ಸಂಹಿತೆ, 2024ರ ಜುಲೈ 1ರಿಂದ ಜಾರಿಗೆ ಬಂದದ್ದು, ಹಳೆಯ ದಂಡಸಂಹಿತೆಯ ಹಾಗೆಯೇ ಪ್ರಾಣರಕ್ಷಣೆಯ ಹಕ್ಕನ್ನು ಕೊಡುತ್ತದೆ. ಆದರೆ ಎದುರಿನವನಿಂದ ಸಾವೋ ಭಾರಿ ಗಾಯವೋ ಆಗುತ್ತದೆಂಬ ನ್ಯಾಯವಾದ ಭಯವಿದ್ದಾಗ, ಅಥವಾ ದರೋಡೆ, ರಾತ್ರಿ ಮನೆಗೆ ಕನ್ನ, ಇಂಥ ಸಂದರ್ಭದಲ್ಲಿ ಮಾತ್ರ ಅದು ಕೊಲ್ಲುವಷ್ಟು ದೂರ ಹೋಗಬಲ್ಲದು. ಅದೂ ಬೇಕಾದದ್ದಕ್ಕಿಂತ ಹೆಚ್ಚಿನ ಹಾನಿ ಮಾಡಕೂಡದು. ಕಳ್ಳನಿಗೆ ಬೆಳಕು, ಸೀಟಿ, ನಾಲ್ಕು ಜನರ ಕೂಗು, 112ಕ್ಕೆ ಫೋನು. ಕೋವಿ ತೋರಿಸಿದರೆ ಅವನು ಹೆದರುತ್ತಾನೆ ಎನ್ನುತ್ತೀರಾ? ಅವರು ಮೂವರಿದ್ದರೆ ಕೋವಿ ಅವರ ಕೈಗೂ ಹೋಗಬಹುದು.

ಮನೆಯಲ್ಲಿ ಕೋವಿ ಒಂದು ಕಡೆ, ತೋಟಾ ಇನ್ನೊಂದು ಕಡೆ, ಎರಡಕ್ಕೂ ಬೀಗ. ಬೀಗದ ಕೈ ಲೈಸೆನ್ಸುದಾರನ ಹತ್ತಿರ. ಬಾಗಿಲ ಹಿಂದೆ ಒರಗಿಸಿಡುವ ಪದ್ಧತಿ ಬಿಡಿ. ಮಕ್ಕಳ ಭಯ ಒಂದಾದರೆ ಇನ್ನೊಂದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ: ಸಾಲದ ಮನೆಯಲ್ಲಿ, ಜಗಳದ ಮನೆಯಲ್ಲಿ, ತುಂಬಿದ ಕೋವಿ ಕೈಗೆಟಕುವಂತೆ ಇರಬಾರದು. ಮನೆಯವರಲ್ಲಿ ಯಾರಾದರೂ ಮನಸ್ಸು ಕುಗ್ಗಿ ಕೂತಿದ್ದರೆ ಸ್ವಲ್ಪ ದಿನ ಅದನ್ನು ವ್ಯಾಪಾರಿಯಲ್ಲಿ ಠೇವಣಿ ಇಟ್ಟುಬಿಡಿ.

ಇಷ್ಟೆಲ್ಲ ಆದ ಮೇಲೂ ಹೇಳುತ್ತೇನೆ: ಕೋವಿ ಕೊಳ್ಳುವ ದುಡ್ಡಿನಲ್ಲಿ ಮೊದಲು ಮೊಣಕಾಲುದ್ದದ ರಬ್ಬರ್ ಬೂಟು, ಒಳ್ಳೆಯ ಬ್ಯಾಟರಿ ಕೊಳ್ಳಿ. ರಾತ್ರಿ ಕಡಲೆಕಾಯಿ ಹೊಲದಲ್ಲಿ ನಿಮ್ಮ ಪ್ರಾಣಕ್ಕೆ ಹಂದಿಗಿಂತ, ಕಳ್ಳನಿಗಿಂತ, ಕೊಳಕುಮಂಡಲ ಹತ್ತಿರದ ಶತ್ರು. ಬರಿಗಾಲಲ್ಲಿ ಕೋವಿ ಹೊತ್ತು ನಡೆಯುವುದು ತಲೆಗೆ ಪೇಟ ಸುತ್ತಿ ಪಂಚೆ ಮರೆತ ಹಾಗೆ. ಕಚ್ಚಿದರೆ ಕೊಯ್ಯುವುದು, ಬಿಗಿಯಾಗಿ ಕಟ್ಟುವುದು, ಮಂತ್ರ ಹಾಕಿಸುವುದು ಬೇಡ. ಕಾಲು ಅಲುಗಿಸದೆ ನೇರವಾಗಿ ವಿಷನಿರೋಧಕ ಔಷಧವಿರುವ ಆಸ್ಪತ್ರೆಗೆ, ಕೋಲಾರದ ಎಸ್.ಎನ್.ಆರ್. ಜಿಲ್ಲಾ ಆಸ್ಪತ್ರೆಯಂಥ ಕಡೆಗೆ.

ಬೂಟಿನ ನಂತರ ಸೋಲಾರ್ ಬೇಲಿ. ಅದರ ಯಂತ್ರ ಸೆಕೆಂಡಿಗೆ ಒಂದು ಸಲದಂತೆ, ಕಣ್ಣು ಮಿಟುಕಿಸುವುದಕ್ಕಿಂತ ಬಹಳ ಕಡಿಮೆ ಹೊತ್ತು, ಏಟು ಕೊಡುತ್ತದೆ. ಪ್ರಾಣಿ ಬೆದರುತ್ತದೆ, 'ಸಾಯುವುದಿಲ್ಲ'. ಹಂದಿಗೆ ಮುಖ್ಯವಾದದ್ದು ಕೆಳಗಿನ ತಂತಿ. ನೆಲದಿಂದ 15ರಿಂದ 20 ಸೆಂಟಿಮೀಟರು, ಅದರ ಮೇಲೆ ಇನ್ನೊಂದು 40ಕ್ಕೆ. ನಾಲ್ಕಡಿ ಎತ್ತರಕ್ಕೆ ಕಟ್ಟಿ ಕೆಳಗೆ ಬಿಟ್ಟರೆ ಹಂದಿ ನಮಸ್ಕಾರ ಮಾಡಿ ಒಳಗೆ ಬರುತ್ತದೆ. ಹುಲ್ಲು ತಂತಿಗೆ ತಾಗಿದರೆ ಬಲ ಸೋರಿಹೋಗುತ್ತದೆ, ಹದಿನೈದು ದಿನಕ್ಕೊಮ್ಮೆ ಸವರಬೇಕು. ನಮ್ಮ ಕೋಲಾರದ ಒಣ ನೆಲದಲ್ಲಿ ಬೇಲಿ ಸೋಲುವುದು ಅರ್ತಿಂಗಿನಲ್ಲಿ: ಬೇಸಿಗೆಯಲ್ಲಿ ಮಣ್ಣು ಒಣಗಿ ಕರೆಂಟು ಹಿಂದಿರುಗುವುದಿಲ್ಲ. ಅರ್ತು ಕಡ್ಡಿಗಳನ್ನು ಬಚ್ಚಲ ನೀರು ಹರಿಯುವಲ್ಲೋ, ಕೊಳವೆಬಾವಿಯ ಪಕ್ಕದ ತೇವದಲ್ಲೋ ಆಳಕ್ಕೆ ಹೊಡೆಯಿರಿ, ಇಲ್ಲವೆ ವಾರಕ್ಕೆರಡು ಕೊಡ ನೀರು ಸುರಿಯಿರಿ.

ಆದರೆ ಕಂಬದಿಂದ ನೇರ ಕರೆಂಟನ್ನು ತಂತಿಗೆ ಕೊಡುವವರಿದ್ದಾರಲ್ಲ, ಅವರು ಹಂದಿಗೆ ಹಾಕಿದ ಉರುಳಿನಲ್ಲಿ ತಮ್ಮ ಮನೆಯವರನ್ನೇ ಕಳೆದುಕೊಂಡದ್ದುಂಟು. ಅದು ವಿದ್ಯುತ್ ಕಳವೂ ಹೌದು, ಸಾವಾದರೆ ಅದಕ್ಕೆ ಬೇರೆ ಮೊಕದ್ದಮೆಯೂ ಹೌದು. ಹಂದಿಗೆಂದು ಇಡುವ ಸಿಡಿಮದ್ದಿನ ಉಂಡೆಯೂ ಹಾಗೆಯೇ. ಅದನ್ನು ಕಚ್ಚುವುದು ನಿಮ್ಮದೇ ಸೀಮೆಹಸು. ದವಡೆ ಒಡೆದು, ಮೇಯಲಾರದೆ, ಹಸಿವಿನಿಂದ ಸಾಯುತ್ತದೆ. 2020ರ ಮೇ ತಿಂಗಳಲ್ಲಿ ಕೇರಳದಲ್ಲಿ ಒಂದು ಗಬ್ಬದ ಆನೆ ಇಂಥದ್ದನ್ನೇ ಕಚ್ಚಿ ಹೊಳೆಯ ನೀರಿನಲ್ಲಿ ನಿಂತೇ ಸತ್ತದ್ದನ್ನು ದೇಶವೆಲ್ಲ ನೋಡಿತು. ಪೈಪಿನಲ್ಲಿ ಕಾರ್ಬೈಡು ತುಂಬಿ ಢಂ ಎನ್ನಿಸುವ ಕೋವಿ ಈಗ ಹೊಸ ಶೋಕಿ. ಹಾರಲಿಲ್ಲವೆಂದು ಬಾಯಿಗೆ ಇಣುಕಿದಾಗಲೇ ಅದು ಸಿಡಿಯುವುದು. 2025ರ ದೀಪಾವಳಿಯಲ್ಲಿ ಭೋಪಾಲ್ ಮೊದಲಾದ ಕಡೆ ಎಷ್ಟೋ ಮಕ್ಕಳ ಕಣ್ಣಿಗೆ ಅದರಿಂದ ಗಾಯವಾಯಿತು. ತಮಟೆ ಅದಕ್ಕಿಂತ ಎಷ್ಟೋ ಮೇಲು. ಹಂದಿಯ ಕಿವಿ, ಮೂಗು ಚುರುಕು, ಕಣ್ಣು ಮಂದ. ಒಂದೇ ಸದ್ದನ್ನು ಒಂದೇ ಜಾಗದಿಂದ ಮಾಡುತ್ತಿದ್ದರೆ ಮಾತ್ರ ವಾರದಲ್ಲಿ ಅಭ್ಯಾಸವಾಗಿಬಿಡುತ್ತದೆ, ಜಾಗ ಬದಲಾಯಿಸುತ್ತಿರಿ.

ಇಷ್ಟಾದರೂ ಬೆಳೆ ಹೋಯಿತು ಅನ್ನಿ. ಬೆಳಗ್ಗೆ ಎದ್ದು ಸಿಟ್ಟಿಗೆ ಹೊಲ ಉತ್ತುಬಿಡಬೇಡಿ. ಇದ್ದ ಹಾಗೆಯೇ ಫೋಟೋ ತೆಗೆದು, ಹೆಜ್ಜೆ ಗುರುತನ್ನೂ ತೆಗೆದು, ಪಹಣಿ, ಆಧಾರ್, ಬ್ಯಾಂಕಿನ ಪುಸ್ತಕದ ಪ್ರತಿಯೊಂದಿಗೆ ವಲಯ ಅರಣ್ಯಾಧಿಕಾರಿಗಳಿಗೆ ಪರಿಹಾರದ ಅರ್ಜಿ ಕೊಟ್ಟು, ಅವರು ಬಂದು ನೋಡುವವರೆಗೆ ಹಾಗೆಯೇ ಬಿಡಿ. ಪರಿಹಾರ ನಷ್ಟಕ್ಕೆ ಸಮ ಬರುವುದಿಲ್ಲ. ಆದರೂ ಆ ಅರ್ಜಿಯ ಪ್ರತಿಯೇ ನಾಳೆ ಹಂದಿಯ ಅನುಮತಿಗೂ, ಕೋವಿಯ ಲೈಸೆನ್ಸಿಗೂ ನಿಮ್ಮ ಸಾಕ್ಷಿ.

ಚುನಾವಣೆ ಬಂದಾಗ ಕೋವಿಯನ್ನು ಠಾಣೆಗೆ ಒಪ್ಪಿಸಲು ಜಿಲ್ಲಾಧಿಕಾರಿಗಳ ಆದೇಶವಾಗುವುದುಂಟು. ಅದು ಬೆಳೆ ಕಾಯುವ ತಿಂಗಳಲ್ಲೇ ಬಂದರೆ ನಮಗೆ ಕಷ್ಟ. ಬೆಳೆ ರಕ್ಷಣೆಯ ಕಾರಣ ಬರೆದು ವಿನಾಯಿತಿ ಕೇಳಬಹುದು. ಸಿಗುವವರೆಗೆ ಮಾತ್ರ ಆದೇಶದ ಪ್ರಕಾರ ನಡೆಯಬೇಕು. ಒಪ್ಪಿಸುವ ಮೊದಲು ನಳಿಗೆಗೆ ಎಣ್ಣೆ ಸವರಿ, ಬಟ್ಟೆ ಸುತ್ತಿ, ನಂಬರು ಬರೆದ ಚೀಟಿ ಕಟ್ಟಿ, ರಸೀದಿ ತೆಗೆದುಕೊಳ್ಳಿ. ಹಿಂದಕ್ಕೆ ಬಂದ ದಿನ ತೋಟಾ ತುಂಬುವುದಕ್ಕೆ ಮುಂಚೆ ನಳಿಗೆಯನ್ನು ಬೆಳಕಿಗೆ ಹಿಡಿದು ಇನ್ನೊಮ್ಮೆ ಒಳಗೆ ನೋಡಿ.